ನರವ್ಯೂಹ

ದೇಹದ ಒಳಹೊರಗಿನ ಬದಲಾವಣೆಗಳನ್ನು ಅರಿತು, ಅವುಗಳಿಗೆ ತಕ್ಕಂತೆ ಸ್ನಾಯುಗಳನ್ನೂ ಗ್ರಂಥಿಗಳನ್ನೂ ನಡೆಸುವ ಅಂಗವ್ಯವಸ್ಥೆ. ಮಿದುಳು, ಮಿದುಳುಬಳ್ಳಿ ಸೇರಿ ಕೇಂದ್ರ ನರವ್ಯೂಹ. ಅಲ್ಲಿಂದ ಮೈಯೆಲ್ಲ ಹರಡುವ ನರಗಳು ಮತ್ತು ನರಗಂಟುಗಳು ಪರಿಧಿ ನರವ್ಯೂಹ.

ವಯಸ್ಕರ ಮಿದುಳು ಸುಮಾರು 1.4 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮೂರು ಪೊರೆಗಳೂ ಒಂದು ತಿಳಿದ್ರವವೂ ಅದನ್ನು ಕಾಯುತ್ತವೆ. ಮಹಾಮಸ್ತಿಷ್ಕದ ಹೊರಪದರ ಬೂದು, ಒಳಭಾಗ ಬಹುಮಟ್ಟಿಗೆ ಬಿಳಿ. ಮಿದುಳುಬಳ್ಳಿಯಲ್ಲಿ ಇದು ತಿರುವುಮುರುವು. ಸುಮಾರು 45 ಸೆಂ.ಮೀ. ಉದ್ದದ ಬಳ್ಳಿ ಬೆನ್ನುಮೂಳೆಯ ತುದಿಯವರೆಗೆ ಇಳಿಯುವುದಿಲ್ಲ, ಸೊಂಟದ ಮೊದಲೆರಡು ಕಶೇರುಮಣಿಗಳ ಬಳಿಯೇ ಮುಗಿಯುತ್ತದೆ. ಬೆನ್ನಿನಿಂದ ದ್ರವ ತೆಗೆಯುವ ವೈದ್ಯರು ಸೂಜಿಯನ್ನು ಅದಕ್ಕೂ ಕೆಳಗೆ ಚುಚ್ಚುವುದು ಇದರಿಂದಲೇ. ಮಿದುಳಿನಿಂದ 12 ಜೊತೆ, ಬಳ್ಳಿಯಿಂದ 31 ಜೊತೆ ನರಗಳು ಹೊರಡುತ್ತವೆ. ಬಳ್ಳಿಯ ಪ್ರತಿ ನರಕ್ಕೂ ಎರಡು ಬೇರು: ಹಿಂದಿನದು ಸಂವೇದನೆಯನ್ನು ಒಳಗೆ ತರುತ್ತದೆ, ಮುಂದಿನದು ಆಜ್ಞೆಯನ್ನು ಹೊರಗೆ ಒಯ್ಯುತ್ತದೆ.

ನಮ್ಮ ಇಚ್ಛೆಗೆ ಕಾಯದೆ ಹೃದಯ, ಶ್ವಾಸನಾಳ, ಕರುಳು, ರಕ್ತನಾಳಗಳನ್ನು ನಡೆಸುವ ಭಾಗ ಸ್ವಾಯತ್ತ ನರವ್ಯೂಹ. ಅದರ ಅನುವೇದನಾ ಶಾಖೆ ಎದೆ ಮತ್ತು ಮೇಲ್ಸೊಂಟದ ಮಟ್ಟದ ಬಳ್ಳಿಯಿಂದ ಹೊರಟು ಅಪಾಯದ ಹೊತ್ತಿಗೆ ದೇಹವನ್ನು ಸಜ್ಜುಗೊಳಿಸುತ್ತದೆ. ಪರಾನುವೇದನಾ ಶಾಖೆ ಮಿದುಳಿನ ಕಾಂಡದಿಂದಲೂ ಬಳ್ಳಿಯ ಕೆಳತುದಿಯಿಂದಲೂ ಹೊರಟು ವಿಶ್ರಾಂತಿ, ಜೀರ್ಣಕ್ರಿಯೆಗಳನ್ನು ನೋಡಿಕೊಳ್ಳುತ್ತದೆ; ಅದರ ಮುಖ್ಯ ನರವಾದ ವೇಗಸ್ ಕತ್ತಿನಿಂದ ಹೊಟ್ಟೆಯವರೆಗೂ ಸಾಗುತ್ತದೆ.

ಆದರೆ ನರಗಳ ದಾರಿಯನ್ನು ಗುರುತಿಸಿದ ಮಾತ್ರಕ್ಕೆ ಅವುಗಳ ಕೆಲಸ ತಿಳಿಯುವುದಿಲ್ಲ. ಅಡ್ರಿನಲಿನ್ ಎಂಬ ಒಂದೇ ರಾಸಾಯನಿಕ ಚರ್ಮದ ರಕ್ತನಾಳವನ್ನು ಬಿಗಿಸುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ. ಏಕೆ? ಉತ್ತರದ ಬಹುಪಾಲು ಅಮೆರಿಕದ ಪ್ರಯೋಗಾಲಯಗಳಿಂದ ಬಂತು. ಜಾರ್ಜಿಯಾದ ಆಗಸ್ಟಾ ಊರಿನ ವೈದ್ಯಕೀಯ ಕಾಲೇಜಿನ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ, ವ್ಯತ್ಯಾಸ ಇರುವುದು ರಾಸಾಯನಿಕದಲ್ಲಲ್ಲ, ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಲ್ಲಿ ಎಂದು ತೋರಿಸಿ, ಅವನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದರು. ಒಂದು ಪತ್ರಿಕೆ ತಿರಸ್ಕರಿಸಿದ ಲೇಖನವದು. ಪ್ರಕಟವಾದ ಮೇಲೂ ಹಲವು ವರ್ಷ ಅದನ್ನು ಗಮನಿಸಿದವರು ಕಡಿಮೆ. ಇಪ್ಪತ್ತನೆಯ ಶತಮಾನದ ಶರೀರಕ್ರಿಯಾ ವಿಜ್ಞಾನದಲ್ಲಿ ಇಷ್ಟು ದೊಡ್ಡ ಫಲ ಕೊಟ್ಟ ವಿಚಾರಗಳು ವಿರಳ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಇದನ್ನೇ ಆಧರಿಸಿ ಪ್ರೊಪ್ರನೊಲಾಲ್ ಔಷಧವನ್ನು ರೂಪಿಸಿದರು.

ವಾಷಿಂಗ್ಟನ್ನಿಗೆ ಹೊಂದಿಕೊಂಡ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಜೂಲಿಯಸ್ ಆಕ್ಸೆಲ್‌ರಾಡ್, ಅನುವೇದನಾ ನರತುದಿಯಿಂದ ಹೊರಬಿದ್ದ, ಅಡ್ರಿನಲಿನ್ನಿನ ನಿಕಟ ಸಂಬಂಧಿಯಾದ ನಾರ್‌ಅಡ್ರಿನಲಿನ್ ಕೆಲಸ ಮುಗಿಸಿದ ಮೇಲೆ ಬಹುಪಾಲು ಅದೇ ತುದಿಗೆ ಮರಳಿ ಸೇರುತ್ತದೆಂದು ಕಂಡುಹಿಡಿದರು. 1970ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಅವರು ಪಾಲುದಾರರು. ಗ್ರಾಹಕವೆಂಬುದು ಬರೀ ಊಹೆಯೆಂದು ಹಲವರು ಶಂಕಿಸುತ್ತಿದ್ದ ಕಾಲದಲ್ಲಿ ಅದರ ಬೆನ್ನುಹತ್ತಿದವರು ರಾಬರ್ಟ್ ಲೆಫ್ಕೊವಿಟ್ಸ್. ಬೆಥೆಸ್ಡಾದಲ್ಲಿ ಸಂಶೋಧನೆ ಕಲಿತು, 1973ರಲ್ಲಿ ಉತ್ತರ ಕೆರೊಲಿನಾದ ಡರ್ಹಮ್‌ನ ಡ್ಯೂಕ್ ವಿಶ್ವವಿದ್ಯಾಲಯ ಸೇರಿದ ಅವರ ತಂಡ, 1986ರಲ್ಲಿ ಸಹೋದ್ಯೋಗಿಗಳೊಡನೆ ಬೀಟಾ ಗ್ರಾಹಕದ ಒಂದು ಬಗೆಯಾದ ಬೀಟಾ-2ರ ಜೀನನ್ನು ಬಿಡಿಸಿ ಓದಿತು. ಅದರ ರಚನೆ ಕಣ್ಣಿನ ಬೆಳಕು-ಗ್ರಾಹಿ ಪ್ರೋಟೀನು ರೊಡಾಪ್ಸಿನ್ನನ್ನು ಹೋಲುತ್ತಿತ್ತು. ಒಂದೇ ದೊಡ್ಡ ಗ್ರಾಹಕ ಕುಟುಂಬ ಇದೆಯೆಂಬ ಸುಳಿವು ಸಿಕ್ಕಿತು. 2012ರ ರಸಾಯನವಿಜ್ಞಾನದ ನೊಬೆಲ್ಲನ್ನು ಅವರು ಆ ತಂಡದಲ್ಲಿದ್ದ ಬ್ರಯಾನ್ ಕೊಬಿಲ್ಕಾರೊಂದಿಗೆ ಹಂಚಿಕೊಂಡರು.

ಹೃದಯದಲ್ಲಿ ಬೀಟಾ-1, ಶ್ವಾಸನಾಳದಲ್ಲಿ ಬೀಟಾ-2 ಗ್ರಾಹಕಗಳು ಪ್ರಧಾನ. ಪ್ರೊಪ್ರನೊಲಾಲ್ ಎರಡನ್ನೂ ತಡೆಯುವುದರಿಂದ, ಎದೆಬಡಿತ ತಗ್ಗಿಸುವ ಆ ಮಾತ್ರೆಯನ್ನು ಆಸ್ತಮಾ ಇರುವವರಿಗೆ ವೈದ್ಯರು ಕೊಡುವುದಿಲ್ಲ.