ಮೆಟ್ಟಿಲ ಕೆಳಗಿನ ಮೂಟೆಗಳು

ನಮ್ಮ ಕಡೆ ಬಂದ ಕಾಗದಗಳನ್ನೆಲ್ಲ ಬಗ್ಗಿಸಿದ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು, ನೆನಪಿದೆಯಾ? ತಂತಿ ತುಂಬಿದರೆ ಹಳೆಯವು ಬಚ್ಚಲೊಲೆಗೆ. ಅಪ್ಪ ಊರಿಂದ ಬರೆದ ಇನ್‌ಲ್ಯಾಂಡ್ ಲೆಟರುಗಳನ್ನು ಇಲ್ಲಿ ಮುಂಬಯಿಯಲ್ಲಿ ಒಮ್ಮೆ ಮನೆ ಬದಲಿಸುವಾಗ ನಾನೇ ರದ್ದಿಯವನಿಗೆ ಹಾಕಿದೆ. ಅದಕ್ಕೇ ಇರಬೇಕು, ಇಟಲಿಯ ಪ್ರಾತೊ ಊರಿನ ವ್ಯಾಪಾರಿ ಫ್ರಾಂಚೆಸ್ಕೊ ದಾತಿನಿಯ ಕಾಗದಪತ್ರಗಳ ಕತೆ ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

1348ರ ಮಹಾ ಪ್ಲೇಗಿನಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ ಈತ. ಹದಿನೈದರ ಆಸುಪಾಸಿನಲ್ಲಿ ಆವಿನ್ಯೋಂಗೆ ಹೋಗಿ ದುಡಿದು, ಮೂವತ್ತು ಚಿಲ್ಲರೆ ವರ್ಷದ ಮೇಲೆ ಊರಿಗೆ ಮರಳಿದ. (ನಮ್ಮಲ್ಲಿ ಎಷ್ಟು ಜನಕ್ಕೆ ಇದು ಸಾಧ್ಯವಾಯಿತೋ!) ಪೀಸಾ, ಜಿನೋವಾ, ಬಾರ್ಸಿಲೋನಾದಲ್ಲೆಲ್ಲ ಅವನ ಪೇಢಿಗಳಿದ್ದವು. ಲೆಕ್ಕದ ಪುಸ್ತಕದ ತಲೆಯ ಮೇಲೆ ದೇವರು ಮತ್ತು ಲಾಭ ಎರಡನ್ನೂ ಒಟ್ಟಿಗೆ ಸ್ಮರಿಸುತ್ತಿದ್ದ. ನಮ್ಮ ಗುಜರಾತಿ ಸೇಠರ ‘ಶುಭ ಲಾಭ’ದ ಹಾಗೆಯೇ. 1410ರಲ್ಲಿ ತೀರಿಕೊಂಡಾಗ ಆಸ್ತಿಯೆಲ್ಲ ಬಡವರಿಗೆಂದು ಬರೆದಿಟ್ಟಿದ್ದ.

ಆದರೆ ಒಂದು ಚೀಟಿಯನ್ನೂ ಎಸೆದಿರಲಿಲ್ಲ, ಬೇರೆ ಊರಿನ ಗುಮಾಸ್ತರಿಗೂ ಎಸೆಯಲು ಬಿಟ್ಟಿರಲಿಲ್ಲ. ಇವೆಲ್ಲ 1870ರಲ್ಲಿ ಅವನ ಮನೆಯ ಮೆಟ್ಟಿಲ ಕೆಳಗೆ ಮೂಟೆಗಳಲ್ಲಿ ಸಿಕ್ಕವು. ಸುಮಾರು 1,50,000 ಪತ್ರಗಳು, 500ಕ್ಕೂ ಹೆಚ್ಚು ಲೆಕ್ಕದ ಪುಸ್ತಕಗಳು, ಜೊತೆಗೆ ಹುಂಡಿ, ವಿಮೆಯ ಕಾಗದಗಳು. ಇಲಿ, ಹುಳ ಅಲ್ಲಲ್ಲಿ ರುಚಿ ನೋಡಿದ್ದವು, ಅಷ್ಟೇ.

ಈಗ ಪ್ರಾತೊದ ಸರಕಾರಿ ಪತ್ರಾಗಾರ ಇರುವುದು ಅವನ ಮನೆಯಲ್ಲೇ. ಪತ್ರಗಳ ಚಿತ್ರಗಳನ್ನು ಇಂಟರ್‌ನೆಟ್ಟಿಗೂ ಹಾಕಿದ್ದಾರೆ. ಫೋಟೋ ತೆಗೆಯುವುದು ಸುಲಭ. ಯಾವ ಊರಿಂದ ಯಾವ ಊರಿಗೆ, ಯಾರು ಯಾರಿಗೆ, ಯಾವ ದಿನ ಎಂದು ಒಂದೊಂದನ್ನೂ ದಾಖಲಿಸಬೇಕಲ್ಲ, ಅದು ನಿಜವಾದ ಬೆವರು. ಪತ್ರ ತಲುಪಿದ ದಿನಾಂಕವನ್ನು ಗುಮಾಸ್ತರು ಅದರ ಮೇಲೆ ಗೀಚಿಡುತ್ತಿದ್ದರು. ಆಗ ಅದು ಬರೀ ಆಫೀಸಿನ ಅಭ್ಯಾಸ. ಆರು ಶತಮಾನದ ಹಿಂದೆ ಟಪಾಲು ಎಷ್ಟು ದಿನಕ್ಕೆ ತಲುಪುತ್ತಿತ್ತು ಎಂದು ಫೆದೆರಿಗೊ ಮೆಲಿಸ್ ಎಂಬ ಇತಿಹಾಸಕಾರರು ಲೆಕ್ಕ ಹಾಕಿದ್ದು ಆ ಗೀಚಿನಿಂದಲೇ!

ವ್ಯಾಪಾರದ ರಾಶಿಯ ನಡುವೆ ಹೆಂಡತಿ ಮಾರ್ಗರೀತಾಳ ಪತ್ರಗಳೂ ಇವೆ. ಗಂಡ ಹೆಚ್ಚಾಗಿ ಫ್ಲಾರೆನ್ಸಿನಲ್ಲಿ, ಇವಳು ಪ್ರಾತೊದಲ್ಲಿ. ಅರ್ಧ ದಿನದ ಹಾದಿಯೂ ಅಲ್ಲ. ಹಿಟ್ಟು, ದ್ರಾಕ್ಷಾರಸ, ಹೇಸರಗತ್ತೆ, ಕೆಲಸದವರ ರಗಳೆ, ನಡುವೆ ಗಂಡನಿಗೆ ಖಾರವಾದ ಬುದ್ಧಿಮಾತು. 2002ರಲ್ಲಿ ಇವಳ ಪತ್ರಗಳದ್ದೇ ಒಂದು ಸಿಡಿ ಬಂತು. ಮೊದಲೆಲ್ಲ ಬೇರೆಯವರ ಕೈಲಿ ಬರೆಸುತ್ತಿದ್ದವಳು, ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತು ತಾನೇ ಬರೆಯತೊಡಗಿದಳು. ಓದಲು ನನಗೆ ಆ ಭಾಷೆ ಬಾರದು. ಆದರೂ ಗುಮಾಸ್ತನ ಪಳಗಿದ ಅಕ್ಷರ ಯಾವುದು, ಅವಳದ್ದು ಯಾವುದು ಎಂದು ಪರದೆಯ ಮೇಲೆ ಹುಡುಕುತ್ತಾ ಕೂತಿದ್ದೆ, ರಾತ್ರಿ ಒಂದು ಗಂಟೆಯವರೆಗೆ.