ನಾಯಿಯ ಕೊರಳಿಗೊಂದು ಪಟ್ಟಿ

ನಿಮ್ಮ ಮನೆಗೆ ಎರಡು ತಿಂಗಳ ನಾಯಿಮರಿಯೊಂದು ಬಂದಿದೆ ಎಂದಿಟ್ಟುಕೊಳ್ಳಿ. ಬಂಟ್ವಾಳದ ಬಿ.ಸಿ. ರೋಡಿನಲ್ಲಾಗಲಿ, ಬೆಳ್ತಂಗಡಿ, ಮೂಡುಬಿದಿರೆಯ ಪೇಟೆಯಲ್ಲಾಗಲಿ ಅಂಗಡಿಗೆ ಹೋಗಿ ನೀವು ಕೇಳುವುದು 'ನಾಯಿಯ ಬೆಲ್ಟು'. ಅಂಗಡಿಯವರು ಚರ್ಮದ್ದು, ನೈಲಾನಿನದು, ಗೆಜ್ಜೆ ಕಟ್ಟಿದ್ದು ಎಂದು ನಾಲ್ಕಾರು ಬಗೆಯವನ್ನು ಮುಂದಿಡುತ್ತಾರೆ. ಜೊತೆಗೆ ಬಂದ ಹಿರಿಯರು ಹೇಳುತ್ತಾರೆ: "ಬೆಳೆಯುವ ಮರಿ, ಸ್ವಲ್ಪ ದೊಡ್ಡದೇ ಇರಲಿ." ಶಾಲೆಯ ಸಮವಸ್ತ್ರ ಹೊಲಿಸುವಾಗಲೂ ನೀವು ಇದೇ ಮಾತನ್ನು ಕೇಳಿದ್ದೀರಿ. ಅಂಗಿಯ ಮಟ್ಟಿಗೆ ಅದು ಸರಿ. ಕೊರಳಿನ ಮಟ್ಟಿಗೆ ಸರಿಯೇ? ಇದಕ್ಕೆ ಉತ್ತರ ಹುಡುಕಲು ಚರಿತ್ರೆಯೊಳಗೆ ಸ್ವಲ್ಪ ದೂರ ಹೋಗಿ ಬರೋಣ. ಮನುಷ್ಯ ಈ ಪಟ್ಟಿಯನ್ನು ಯಾತಕ್ಕಾಗಿ ಮಾಡಿದ ಎಂದು ತಿಳಿದರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಅರೇಬಿಯದ ಶುವೈಮಿಸ್ ಎಂಬಲ್ಲಿ ಬಂಡೆಗಳ ಮೇಲೆ ಬೇಟೆಯ ಚಿತ್ರಗಳಿವೆ. ಅವು ಸುಮಾರು 8,000 ವರ್ಷಗಳ ಹಿಂದಿನವು ಎಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಲ್ಲಿನ ಕೆಲವು ನಾಯಿಗಳ ಕೊರಳಿನಿಂದ ಬೇಟೆಗಾರನ ಸೊಂಟದವರೆಗೆ ಒಂದು ಗೆರೆ ಎಳೆಯಲಾಗಿದೆ. ಅದು ಹಗ್ಗ ಎಂಬುದೇ ಸಹಜವಾದ ಅರ್ಥ. ಅಂದರೆ ಲೋಹದ ಬಳಕೆಗೂ ಬರವಣಿಗೆಗೂ ಮೊದಲೇ ನಾಯಿಯ ಕೊರಳಿಗೆ ಕಟ್ಟು ಬಿದ್ದಿತ್ತು. ನಮ್ಮ ಉಪಖಂಡದಲ್ಲಿ ಹರಪ್ಪದ ಉತ್ಖನನದಲ್ಲಿ ದೊರೆತ ಸುಟ್ಟಮಣ್ಣಿನ ನಾಯಿಗಳಲ್ಲಿ ಕೊರಳಪಟ್ಟಿ ತೊಟ್ಟವು ಇವೆ. ಗೊಂಬೆ ಮಾಡಿದ ಕುಂಬಾರ ಮಣ್ಣಿನ ಸಣ್ಣ ಎಳೆಯೊಂದನ್ನು ಕುತ್ತಿಗೆಯ ಸುತ್ತ ಒತ್ತಿದ್ದಾನೆ, ಅಷ್ಟೆ. ಆದರೆ ಆ ಎಳೆ ಹೇಳುವುದು ದೊಡ್ಡ ಮಾತು: ಈ ನಾಯಿಗೆ ಒಬ್ಬ ಯಜಮಾನನಿದ್ದಾನೆ.

ಈಜಿಪ್ಟಿನಲ್ಲಿ 1899ರಲ್ಲಿ ಮೈಹರ್‌ಪ್ರಿ ಎಂಬ ಶ್ರೀಮಂತನ ಗೋರಿ ತೆರೆದಾಗ ಎರಡು ಚರ್ಮದ ಪಟ್ಟಿಗಳು ಸಿಕ್ಕಿದವು. ವಯಸ್ಸು ಸುಮಾರು 3,400 ವರ್ಷ. ಒಂದರ ಮೇಲೆ ನಾಯಿಯ ಹೆಸರನ್ನೇ ಬರೆಯಲಾಗಿದೆ. ಆ ಹೆಸರಿಗೆ 'ಊರಿನವಳು' ಎಂಬಂಥ ಅರ್ಥ ಹೇಳುತ್ತಾರೆ. ನಮ್ಮಲ್ಲಿ 'ಊರ ನಾಯಿ' ಎಂದರೆ ಸ್ವಲ್ಪ ಅಸಡ್ಡೆಯ ಮಾತು. ಅಲ್ಲಿ ಅದೇ ಮಾತು ಬಣ್ಣದ ಪಟ್ಟಿಯ ಮೇಲೆ ಕುಳಿತು ಸಮಾಧಿ ಸೇರಿತು!

ಇದುವರೆಗೆ ಹೇಳಿದ್ದೆಲ್ಲ ಯಜಮಾನನ ಕಡೆಯಿಂದ. ನಾಯಿಯ ಕೊರಳಿನ ಕಡೆಯಿಂದ ಯೋಚಿಸಿದವರು ಯಾರಾದರೂ ಇದ್ದರೇ? ಇದ್ದರು. ಇಬ್ಬರ ಮಾತನ್ನು ನೀವು ನೆನಪಿನಲ್ಲಿಡಬೇಕು.

ಮೊದಲನೆಯವನು ಗ್ರೀಸ್ ದೇಶದ ಕ್ಸೆನೊಫನ್. ಕ್ರಿಸ್ತಪೂರ್ವ 4ನೆಯ ಶತಮಾನದವನು, ಸಾಕ್ರೆಟಿಸನ ಶಿಷ್ಯ, ಸೈನಿಕ. ಬೇಟೆಯ ಬಗ್ಗೆ ಅವನ ಹೆಸರಿನಲ್ಲಿ ಒಂದು ಪುಸ್ತಕವಿದೆ. ಪಟ್ಟಿ ಮೆದುವಾಗಿ, ಅಗಲವಾಗಿ ಇರಬೇಕು, ಇಲ್ಲವಾದರೆ ನಾಯಿಯ ಕೂದಲು ಸವೆಯುತ್ತದೆ ಎಂದು ಅಲ್ಲಿ ಹೇಳಿದೆ. ಇನ್ನೊಂದು ಸೂಕ್ಷ್ಮವೂ ಇದೆ: ಪಟ್ಟಿ ಬೇರೆ, ಹಿಡಿಯುವ ಹಗ್ಗ ಬೇರೆ ಇರಬೇಕು, ಎರಡನ್ನೂ ಒಂದೇ ಆಗಿ ಮಾಡಿದರೆ ನಾಯಿ ಹತೋಟಿಗೆ ಬರುವುದಿಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ತೆಂಗಿನ ನಾರಿನ ಹಗ್ಗವನ್ನೇ ಕುಣಿಕೆ ಹಾಕಿ ನೇರವಾಗಿ ಮರಿಯ ಕುತ್ತಿಗೆಗೆ ಬಿಗಿಯುವವರು ಇದನ್ನೊಮ್ಮೆ ಕೇಳಬೇಕು. ಮರಿ ಜಗ್ಗಿದಷ್ಟೂ ಕುಣಿಕೆ ಬಿಗಿಯುತ್ತದೆ, ಬಿಗಿದಷ್ಟೂ ಹೆದರಿ ಅದು ಇನ್ನೂ ಜಗ್ಗುತ್ತದೆ.

ಎರಡನೆಯವನು ರೋಮಿನ ವರ್ರೊ. ಕ್ರಿಸ್ತಪೂರ್ವ 37ರ ಸುಮಾರಿಗೆ ಬೇಸಾಯದ ಬಗ್ಗೆ ಬರೆದವನು. ಕುರಿಮಂದೆ ಕಾಯುವ ನಾಯಿಗೆ ತೋಳ ಕುತ್ತಿಗೆ ಹಿಡಿಯದಂತೆ ಗಟ್ಟಿ ಚರ್ಮದ ಪಟ್ಟಿಗೆ ಮೊಳೆ ಹೊಡೆದು ತೊಡಿಸಬೇಕು ಎನ್ನುತ್ತಾನೆ. ಅಲ್ಲಿಗೇ ನಿಲ್ಲಿಸಿದ್ದರೆ ಅವನ ಮಾತನ್ನು ಇಲ್ಲಿ ತರುತ್ತಿರಲಿಲ್ಲ. ಮೊಳೆಯ ತಲೆಗಳ ಕೆಳಗೆ, ನಾಯಿಯ ಮೈಗೆ ತಾಗುವ ಕಡೆ, ಮೆತ್ತನೆಯ ತೊಗಲು ಹೊಲಿಯಬೇಕು, ಇಲ್ಲವಾದರೆ ಕಬ್ಬಿಣ ಅದರ ಕುತ್ತಿಗೆಯನ್ನೇ ನೋಯಿಸುತ್ತದೆ ಎಂದೂ ಸೇರಿಸುತ್ತಾನೆ. ಹೊರಗೆ ಮೊಳೆ, ಒಳಗೆ ಮೆತ್ತೆ. ಒಮ್ಮೆ ಮೊಳೆ ತಾಗಿದ ತೋಳ ಪಟ್ಟಿಯಿಲ್ಲದ ನಾಯಿಯ ತಂಟೆಗೂ ಬರುವುದಿಲ್ಲ ಎಂಬ ಅವನ ಲೆಕ್ಕಾಚಾರವೂ ಚೆನ್ನಾಗಿದೆ. ಹಿಮಾಲಯದ ಕುರಿಗಾಹಿಗಳು ಚಿರತೆಯ ಭಯದಿಂದ ತಮ್ಮ ನಾಯಿಗಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುವುದುಂಟು. ಚಾರ್ಮಾಡಿ ಘಾಟಿಯ ಬುಡದ ಹಳ್ಳಿಗಳಿಗೂ ಚಿರತೆ ಹೊಸತಲ್ಲ. ಆದರೆ ನಾಯಿಮರಿಗೆ ಅಂಥ ಪಟ್ಟಿ ಭಾರ. ಅದನ್ನು ರಾತ್ರಿ ಮನೆಯೊಳಗೆ ಮಲಗಿಸುವುದೇ ಲೇಸು.

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ನಿಮ್ಮಲ್ಲಿ ಕೆಲವರು ಪಾಠದಲ್ಲಿ ಓದಿರಬಹುದು. ಶಕವರ್ಷ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೇರ ಎಂಬ ವೀರನಿಗೆ, ಮೆಚ್ಚಿದ್ದನ್ನು ಕೇಳು ಎಂಬ ವರ ಸಿಕ್ಕಿತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದರು. ನಾಯಿಯನ್ನು ಇಷ್ಟು ಗೌರವಿಸಿದ ನಾಡಿನವರು ನಾವು. ಯುದ್ಧದ ಸುದ್ದಿಯೂ ನಾಯಿಯ ಸುದ್ದಿಯೂ ಒಂದೇ ಕಲ್ಲಿನಲ್ಲಿವೆ ಎಂಬುದನ್ನು ಗಮನಿಸಿ.

ತುಳುನಾಡಿನಲ್ಲಿಯೂ ಹಂದಿಬೇಟೆಗೆ ದೊಡ್ಡ ಸ್ಥಾನವಿತ್ತು. ತುಳುವಿನಲ್ಲಿ ಬೇಟೆಗೆ 'ಬೋಂಟೆ' ಎನ್ನುತ್ತಾರೆ. ಭೂಮಿತಾಯಿಗೆ ವಿಶ್ರಾಂತಿ ಕೊಡುವ ಕೆಡ್ಡಸದ ದಿನಗಳಲ್ಲಿ ಊರವರು ಸೇರಿ ಬೋಂಟೆಗೆ ಹೋಗುವ ಪದ್ಧತಿಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ನಾಯಿ ಮಾತ್ರ ಅಂಗಳದಲ್ಲಿ ಉಳಿಯಿತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ನೀವು ಪ್ರವಾಸ ಹೋದಾಗ ಅಲ್ಲಿನ 15ನೆಯ ಶತಮಾನದ ಶಿಲ್ಪಗಳಲ್ಲಿ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಮಾರ್ಗದರ್ಶಕರು ತೋರಿಸುತ್ತಾರೆ. ಅಷ್ಟಕ್ಕೇ ತೃಪ್ತರಾಗಬೇಡಿ. ಅಲ್ಲಾಗಲಿ, ಯಾವುದೇ ಊರಿನ ವೀರಗಲ್ಲಿನಲ್ಲಾಗಲಿ ನಾಯಿಯೊಂದು ಕಂಡರೆ ಅದರ ಕುತ್ತಿಗೆಯನ್ನು ನೋಡಿ. ಪಟ್ಟಿ ಕೊರೆದಿದ್ದಾರೆಯೇ? ಹಗ್ಗ ಯಾರ ಕೈಯಲ್ಲಿದೆ? ಬರೆದಿಟ್ಟುಕೊಳ್ಳಿ. ಚರಿತ್ರೆಯ ಕೆಲಸ ಹೀಗೆಯೇ ಶುರುವಾಗುವುದು.

ಒಂದು ಅಂಶವನ್ನು ಇಲ್ಲಿ ಎತ್ತಿ ಹೇಳಬೇಕು. ಮೇಲೆ ಹೇಳಿದ ನಾಯಿಗಳೆಲ್ಲ ಕೆಲಸದ ನಾಯಿಗಳು, ಬೆಳೆದ ನಾಯಿಗಳು. ಕ್ಸೆನೊಫನ್ ಹೆಣ್ಣುಮರಿಯನ್ನು ಎಂಟನೆಯ ತಿಂಗಳಿಗೆ, ಗಂಡನ್ನು ಹತ್ತನೆಯ ತಿಂಗಳಿಗೆ ಬೇಟೆಗೆ ಕರೆದೊಯ್ಯಲು ಹೇಳುತ್ತಾನೆ. ಆ ಹೊತ್ತಿಗೆ ಕುತ್ತಿಗೆ ಬಹುಮಟ್ಟಿಗೆ ತನ್ನ ಅಳತೆಗೆ ಬಂದಿರುತ್ತದೆ. ಎರಡು ತಿಂಗಳ ಮರಿಗೆ ನಾವು ಪಟ್ಟಿ ತೊಡಿಸುವುದು ಬೇರೆಯೇ ಕಾರಣಕ್ಕೆ. ಬಂಟ್ವಾಳದಲ್ಲಿ ರಾಷ್ಟ್ರೀಯ ಹೆದ್ದಾರಿ 75, ಬೆಳ್ತಂಗಡಿಯಲ್ಲಿ 73, ಮೂಡುಬಿದಿರೆಯಲ್ಲಿ 169. ಗೇಟು ತೆರೆದರೆ ರಸ್ತೆ. ಅದು ಒಂದು ಕಾರಣ. ಹುಚ್ಚುನಾಯಿ ರೋಗ ಇನ್ನೊಂದು.

ಈ ಎರಡನೆಯದು ಪಟ್ಟಿಗೆ ಪ್ರಾಣದ ಬೆಲೆ ತಂದಿತು. 1832ರಲ್ಲಿ ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಆಜ್ಞೆಯಿಂದ ಪಾರ್ಸಿ ಜನ ಕೆರಳಿ ಗಲಭೆಯೇ ಆಯಿತು. ಯಜಮಾನನಿರುವ ನಾಯಿ ಯಾವುದು, ಇಲ್ಲದ್ದು ಯಾವುದು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಊರಾಡಳಿತಗಳನ್ನು ಕಾಡುತ್ತಲೇ ಬಂದಿದೆ. ಲೂಯಿ ಪಾಸ್ಚರ್ 1885ರಲ್ಲಿ ಲಸಿಕೆ ಕೊಟ್ಟು ಬಾಲಕನೊಬ್ಬನನ್ನು ಉಳಿಸಿದ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಪಾಸ್ಚರ್ ಸಂಸ್ಥೆ ಶುರುವಾದದ್ದು 1907ರಲ್ಲಿ, ದೂರದ ನೀಲಗಿರಿಯ ಕೂನೂರಿನಲ್ಲಿ. ನೇತ್ರಾವತಿಯ ದಡದಿಂದ ಆ ಗುಡ್ಡ ಎಷ್ಟು ದೂರ ಎಂದು ಭೂಪಟದಲ್ಲಿ ನೋಡಿ. 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ಹಿಡಿದು ತಂದ ಬೀದಿನಾಯಿಗೆ ಸಂಖ್ಯೆಯಿರುವ ಪಟ್ಟಿ ಹಾಕಬೇಕು ಎಂದವು. ಶಸ್ತ್ರಚಿಕಿತ್ಸೆಯ ಬಳಿಕ ಅದನ್ನು ಹಿಡಿದ ಜಾಗಕ್ಕೇ ಬಿಡಲು ಆ ಸಂಖ್ಯೆಯೇ ಆಧಾರ. 2023ರಲ್ಲಿ ಹೊಸ ನಿಯಮಗಳು ಬಂದಿವೆ. ನಿಮ್ಮ ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ. ಪಟ್ಟಿಯ ಮೇಲೆ ಅದರ ಹೆಸರಿಗಿಂತ ನಿಮ್ಮ ಮನೆಯ ಫೋನ್ ಸಂಖ್ಯೆ ಇದ್ದರೆ ಹೆಚ್ಚು ಪ್ರಯೋಜನ.

ಈಗ ಅಂಗಡಿಗೆ ಮರಳಿ ಹೋಗೋಣ. ಹೋಗುವ ಮೊದಲು ಒಂದು ದಾರದಿಂದ ಮರಿಯ ಕುತ್ತಿಗೆಯ ಸುತ್ತಳತೆ ತೆಗೆಯಿರಿ. ಪಟ್ಟಿ ತೊಡಿಸಿದ ಮೇಲೆ ಅದಕ್ಕೂ ಕುತ್ತಿಗೆಗೂ ನಡುವೆ ನಿಮ್ಮ ಎರಡು ಬೆರಳು ಸರಾಗವಾಗಿ ಹೋಗಬೇಕು. ಹಿರಿಯರು ಹೇಳಿದಂತೆ ದೊಡ್ಡದನ್ನು ತಂದರೆ ಮರಿ ಕೆರೆದುಕೊಳ್ಳುವಾಗ ಕಾಲು ಒಳಗೆ ಸಿಕ್ಕುತ್ತದೆ, ಕಚ್ಚಿ ಆಡುವಾಗ ಕೆಳದವಡೆ ಸಿಕ್ಕುತ್ತದೆ, ಇಲ್ಲವೇ ರಸ್ತೆಯ ಬದಿಯಲ್ಲೇ ತಲೆ ಕಳಚಿಕೊಂಡು ಓಡುತ್ತದೆ. ಮುಧೋಳದ ನಾಯಿಯನ್ನು ಸಾಕುವವರಿಗೆ ಇದು ಚೆನ್ನಾಗಿ ಗೊತ್ತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಈ ತಳಿಯ ಕುತ್ತಿಗೆ ಉದ್ದ, ತಲೆ ಕಿರಿದು. ಸಾಮಾನ್ಯ ಪಟ್ಟಿ ಸುಲಭವಾಗಿ ಜಾರುತ್ತದೆ. ಅಂಥ ನಾಯಿಗೆ ಅಗಲವಾದ ಪಟ್ಟಿಯೇ ಬೇಕು.

ಹೀಗಾಗಿ ಇಂದಿನ ಅಳತೆಗೆ ಸರಿಯಾದದ್ದನ್ನೇ ಕೊಳ್ಳಿ. ತೂತು ಬದಲಿಸಿ ಸಡಿಲಿಸುವಂಥದ್ದು, ಹಗುರವಾದದ್ದು, ಅಗ್ಗವಾದದ್ದು ಸಾಕು. ಏಕೆಂದರೆ ಅದನ್ನು ನೀವು ಬಿಸಾಡಲಿದ್ದೀರಿ. ಮರಿಯ ಮೊದಲ ಆರು ತಿಂಗಳ ಬೆಳವಣಿಗೆ ಬಹಳ ವೇಗದ್ದು. ಸಣ್ಣ ತಳಿಗಳು ವರ್ಷದೊಳಗೆ ಬೆಳೆದು ನಿಂತರೆ ದೊಡ್ಡ ತಳಿಗಳಿಗೆ ಒಂದೂವರೆ ವರ್ಷವೂ ಬೇಕು. ಎರಡು ಮೂರು ಪಟ್ಟಿ ಬದಲಾಗುವುದು ತೀರಾ ಸಹಜ. ವಾರಕ್ಕೊಂದು ದಿನ ಗೊತ್ತುಮಾಡಿ, ಭಾನುವಾರವೆನ್ನಿ, ಎರಡು ಬೆರಳು ಹಾಕಿ ನೋಡಿ. ಮರೆತರೆ ಏನಾಗುತ್ತದೆ? ದೃಷ್ಟಿ ತಾಗದಿರಲಿ ಎಂದು ಕಟ್ಟಿದ ತೆಳ್ಳನೆಯ ದಾರವಾದರೂ ಸರಿ, ಕುತ್ತಿಗೆ ಬೆಳೆದಂತೆ ಚರ್ಮದೊಳಗೆ ಇಳಿಯುತ್ತದೆ. ಕೂದಲು ಮುಚ್ಚಿರುವುದರಿಂದ ಹೊರಗೆ ಕಾಣುವುದಿಲ್ಲ. ವಾಸನೆ ಬಂದಾಗಲೇ ತಿಳಿಯುವುದು. ಪಶುವೈದ್ಯರು ಅರಿವಳಿಕೆ ಕೊಟ್ಟು ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಈ ಗಾಯಕ್ಕೆ ಕೆಟ್ಟತನ ಕಾರಣವಲ್ಲ, ಮರೆವು ಕಾರಣ.

ಚರ್ಮವೋ ನೈಲಾನೋ ಎಂಬ ಪ್ರಶ್ನೆಗೆ ನಮ್ಮ ಮಳೆಯೇ ಉತ್ತರ ಹೇಳುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಆಷಾಢದಲ್ಲಿ ಚರ್ಮದ ಚಪ್ಪಲಿಗೆ ಬೂಸು ಹಿಡಿಯುವುದನ್ನು ನೀವು ಕಂಡಿದ್ದೀರಿ. ಒದ್ದೆ ಚರ್ಮ ದಿನಗಟ್ಟಲೆ ಕುತ್ತಿಗೆಗೆ ಅಂಟಿದ್ದರೆ ಹುಣ್ಣಾಗುತ್ತದೆ, ಅದರಡಿಯಲ್ಲಿ ಉಣ್ಣಿಗಳು ಅಡಗುತ್ತವೆ. ಮಳೆಗಾಲಕ್ಕೆ ಬೇಗ ಒಣಗುವ ನೈಲಾನ್ ಪಟ್ಟಿಯೇ ಮೇಲು. ಅಂಚು ಒರಟಾಗಿದೆಯೇ ಎಂದು ನಿಮ್ಮ ಮಣಿಕಟ್ಟಿಗೆ ಉಜ್ಜಿ ನೋಡಿ ಕೊಳ್ಳಿ. ಗೆಜ್ಜೆ ನಮ್ಮ ಸಂತೋಷಕ್ಕೆ, ನಾಯಿಯ ಕಿವಿಗಲ್ಲ. ಭಾರದ ಸಂಕೋಲೆ ಮರಿಗೆ ಬೇಡವೇ ಬೇಡ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಬಹಳ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದಿರುವುದೂ ಅಪರಾಧವೇ.

ಕಟ್ಟುವ ಮಾತು ಬಂದಾಗ ಪೊಂಪೈ ನೆನಪಾಗುತ್ತದೆ. ಇಟಲಿಯ ಆ ಊರು ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತು. ಬೂದಿಯಲ್ಲಿ ಉಳಿದ ಟೊಳ್ಳಿಗೆ ಗಾರೆ ಸುರಿದು 1874ರಲ್ಲಿ ನಾಯಿಯೊಂದರ ಅಚ್ಚು ತೆಗೆದರು. ಬೆನ್ನು ತಿರುಚಿ, ಕಾಲುಗಳನ್ನು ಮೇಲೆತ್ತಿಕೊಂಡ ನಾಯಿ, ಕೊರಳಲ್ಲಿ ಪಟ್ಟಿ. ಮನೆಯವರು ಹೊರಟರು, ಸರಪಳಿ ಬಿಚ್ಚಲಿಲ್ಲ. ನಮ್ಮಲ್ಲಿ ಜ್ವಾಲಾಮುಖಿ ಇಲ್ಲ, ನೆರೆ ಇದೆ. ತುಳುವಿನ 'ಬೊಳ್ಳ'. ನೇತ್ರಾವತಿ 1923ರಲ್ಲಿಯೂ 1974ರಲ್ಲಿಯೂ ಬಂಟ್ವಾಳ ಪೇಟೆಗೆ ನುಗ್ಗಿದಳು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಾಟಿಯ ಬದಿಯ ಹಳ್ಳಿಗಳು ಗುಡ್ಡ ಕುಸಿದು, ತೊರೆ ಉಕ್ಕಿ ತತ್ತರಿಸಿದವು. ಹೊಳೆಯ ಬದಿಯಲ್ಲಿ ನಿಮ್ಮ ಮನೆಯಿದ್ದರೆ, ಕತ್ತಲಲ್ಲಿ ಒದ್ದೆ ಬೆರಳುಗಳಿಂದಲೂ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವ ಕೊಂಡಿಯಿರುವ ಪಟ್ಟಿಯನ್ನೇ ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲೇ ಕಣ್ಣು ಮುಚ್ಚಿ ಎರಡು ಸಲ ಬಿಚ್ಚಿ ನೋಡಿ.