ಗಾಳಿಯನ್ನು ತೂಗುವ ತಂತಿ

ಹಿಂದೆ ನಮ್ಮ ಹಳ್ಳಿಗಳಲ್ಲಿ ರಾಗಿಯನ್ನು ಸೇರಿನಲ್ಲಿ ಅಳೆಯುತ್ತಿದ್ದರು. ಬೆಲ್ಲವನ್ನು ತಕ್ಕಡಿಯಲ್ಲಿ ತೂಗುತ್ತಿದ್ದರು. ಅಳತೆ ಬೇರೆ, ತೂಕ ಬೇರೆ ಎಂಬುದನ್ನು ಸಂತೆಗೆ ಹೋಗುವವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸಡಿಲವಾಗಿ ಸುರಿದ ಸೇರಿಗೂ ಕುಲುಕಿ ತುಂಬಿದ ಸೇರಿಗೂ ಇರುವ ಅಂತರ ಅವರಿಗೆ ಗೊತ್ತಿತ್ತು. ಮೋಟಾರು ಕಾರಿನ ಚರಿತ್ರೆಯಲ್ಲಿ ಈ ಅಂತರವನ್ನು ನಿವಾರಿಸುವುದಕ್ಕೆ ಹೆಚ್ಚುಕಡಿಮೆ ತೊಂಬತ್ತು ವರ್ಷ ಹಿಡಿಯಿತು. ಅಲ್ಲಿ ತೂಗಬೇಕಾಗಿದ್ದ ಸರಕು ಗಾಳಿ.

ಒಂದು ತೂಕದ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು ೧೪.೭ ತೂಕದ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿಗೆ ಇದು ೯,೦೦೦ ಲೀಟರಿಗೂ ಮಿಗಿಲು. ಗಾಳಿ ಸಾಲದಿದ್ದರೆ ಕಪ್ಪು ಹೊಗೆ, ವಿಷಾನಿಲ, ಇಂಧನದ ನಷ್ಟ. ಎಂಜಿನ್ ಪೂರ್ತಿ ಹೊರೆ ಹೊತ್ತಿರುವಾಗ ಪೆಟ್ರೋಲು ಸಾಲದಿದ್ದರಂತೂ ಬಿಸಿ ಮಿತಿಮೀರಿ ಪಿಸ್ಟನ್ ಕರಗುವ ಅಪಾಯವೂ ಉಂಟು. ಆದರೆ ಗಾಳಿ ಎಲ್ಲೆಡೆಯೂ ಒಂದೇ ತೂಕದ್ದಲ್ಲ. ಮಂಗಳೂರಿನ ಕಡಲ ತೀರಕ್ಕಿಂತ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಸುಮಾರು ಹತ್ತನೆಯ ಒಂದು ಪಾಲು ಕಡಮೆ. ಕೆಳಗೆ ಹದ ಮಾಡಿದ ಕಾರ್ಬ್ಯುರೆಟರ್ ಘಟ್ಟ ಹತ್ತಿದ ಮೇಲೆ ಪೆಟ್ರೋಲನ್ನು ಹೆಚ್ಚಾಗಿ ಕುಡಿಯುವುದು ಈ ಕಾರಣದಿಂದಲೇ.

ಕಾರ್ಬ್ಯುರೆಟರಿನ ಬೇರು ಇಟಲಿಯಲ್ಲಿದೆ. ಕೊಳವೆ ಕಿರಿದಾದ ಕಡೆ ಹರಿವಿನ ವೇಗ ಹೆಚ್ಚಿ ಒತ್ತಡ ತಗ್ಗುವುದನ್ನು ಪರಿಶೀಲಿಸಿ ಜೊವಾನ್ನಿ ಬತಿಸ್ತ ವೆಂಚುರಿ ೧೭೯೭ರಲ್ಲಿ ಪ್ರಕಟಿಸಿದನು. ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ೧೮೯೩ರಲ್ಲಿ ಪೆಟ್ರೋಲನ್ನು ಸಣ್ಣ ರಂಧ್ರದಿಂದ ಗಾಳಿಗೆ ಎರಚುವ ಕಾರ್ಬ್ಯುರೆಟರನ್ನು ರೂಪಿಸಿದನು. ಇಂಥ ಉಪಕರಣ ಗಾಳಿಯನ್ನು ತೂಗುವುದಿಲ್ಲ; ಗಾಳಿಯ ಸೆಳೆತಕ್ಕೆ ತಕ್ಕಷ್ಟು ಪೆಟ್ರೋಲನ್ನು ಒಪ್ಪಿಸಿಬಿಡುತ್ತದೆ. ಉಳಿದ ಕೊರತೆಯನ್ನು ಮೆಕ್ಯಾನಿಕ್ ತನ್ನ ಕಿವಿಯಿಂದಲೂ ಸ್ಕ್ರೂ ತಿರುಗಿಸುವ ಬೆರಳಿನಿಂದಲೂ ತುಂಬಬೇಕಾಗಿತ್ತು.

ಈ ಅಂದಾಜು ಸಾಲದೆಂದು ತೋರಿಸಿದ್ದು ಲಾಸ್ ಏಂಜಲಿಸ್ ನಗರದ ಕಣ್ಣುರಿಯುವ ಮಂಜು. ವಾಹನಗಳ ಹೊಗೆಗೆ ಬಿಸಿಲು ತಗುಲಿ ಆ ಮಂಜು ಹುಟ್ಟುತ್ತದೆಂದು ವಿಜ್ಞಾನಿ ಹಾಗೆನ್‌ಸ್ಮಿಟ್ ೧೯೫೦ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯದಲ್ಲಿ ಕಾನೂನು ಬಿಗಿಯಾಯಿತು. ಜರ್ಮನಿಯ ಬಾಷ್ ಸಂಸ್ಥೆ ೧೯೬೭ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳಿಗೆ ವಿದ್ಯುನ್ಮಾನದ ಇಂಧನ ಸಿಂಪಡಿಕೆಯನ್ನು ಜೋಡಿಸಿತು. ಎಂಜಿನ್ನಿನ ಒಳದಾರಿಯ ಒತ್ತಡವನ್ನೂ ತಿರುಗುವ ವೇಗವನ್ನೂ ನೋಡಿ ಗಾಳಿಯ ಪ್ರಮಾಣವನ್ನು ಲೆಕ್ಕಹಾಕುವ ಕ್ರಮ ಅದು. ೧೯೭೩ರಲ್ಲಿ ಬಂದ ಇನ್ನೊಂದು ಕ್ರಮದಲ್ಲಿ ಗಾಳಿಯ ದಾರಿಗೆ ಅಡ್ಡಲಾಗಿ ಒಂದು ರೆಕ್ಕೆಯನ್ನು ಇಟ್ಟರು. ಗಾಳಿ ಹೆಚ್ಚು ನುಗ್ಗಿದಷ್ಟೂ ರೆಕ್ಕೆ ಹೆಚ್ಚು ತೆರೆದುಕೊಳ್ಳುತ್ತಿತ್ತು. ಇದು ಒಳ್ಳೆಯ ಮುನ್ನಡೆಯೇ. ಆದರೂ ಸೇರಿನ ಅಳತೆಯೇ ಹೊರತು ತಕ್ಕಡಿಯ ತೂಕವಲ್ಲ. ಸಾಲದುದಕ್ಕೆ ಆ ರೆಕ್ಕೆಯೇ ಗಾಳಿಗೆ ತಡೆಯಾಗಿತ್ತು.

ತಕ್ಕಡಿ ಬಂದದ್ದು ಮೋಟಾರಿಗೆ ಸಂಬಂಧವಿಲ್ಲದ ಒಂದು ಪ್ರಯೋಗಶಾಲೆಯಿಂದ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಲೂಯಿ ಕಿಂಗ್ ೧೯೧೪ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದನು. ಬಿಸಿಯಾದ ಸೂಕ್ಷ್ಮ ತಂತಿಯ ಮೇಲೆ ಗಾಳಿ ಬೀಸಿದಾಗ ಎಷ್ಟು ಶಾಖ ಹೋಗುತ್ತದೆಂಬುದು ಗಾಳಿಯ ವೇಗವನ್ನಷ್ಟೇ ಅಲ್ಲ, ಅದರ ಸಾಂದ್ರತೆಯನ್ನೂ ಅವಲಂಬಿಸಿದೆ. ವೇಗ, ಸಾಂದ್ರತೆ ಎರಡೂ ಸೇರಿದರೆ ಅದೇ ತೂಕ. ಕಾಫಿಯನ್ನು ಊದಿ ಆರಿಸುವ ಪ್ರತಿಯೊಬ್ಬರೂ ಈ ತತ್ವವನ್ನು ದಿನವೂ ಬಳಸುತ್ತಿದ್ದಾರೆ.

೧೯೮೦ರ ದಶಕದ ಆರಂಭದಲ್ಲಿ ಬಾಷ್ ಈ ತಂತಿಯನ್ನು ಕಾರಿನೊಳಗೆ ತಂದಿತು. ಒಂದು ಮಿಲಿಮೀಟರಿನ ಹದಿನಾಲ್ಕನೆಯ ಒಂದು ಪಾಲಿನಷ್ಟು ತೆಳುವಾದ ಪ್ಲಾಟಿನಂ ತಂತಿ. ಅದನ್ನು ಒಳಬರುವ ಗಾಳಿಗಿಂತ ಸದಾ ಒಂದು ಗೊತ್ತಾದ ಪ್ರಮಾಣದಷ್ಟು ಬಿಸಿಯಾಗಿ ಇಡಲಾಗುತ್ತದೆ. ಗಾಳಿ ಹೆಚ್ಚಾದರೆ ತಂತಿ ಆರತೊಡಗುತ್ತದೆ. ಅದನ್ನು ಬಿಸಿಯಾಗಿಡಲು ಹೆಚ್ಚು ವಿದ್ಯುತ್ತು ಬೇಕು. ಆ ವಿದ್ಯುತ್ತಿನ ಲೆಕ್ಕವೇ ಗಾಳಿಯ ಲೆಕ್ಕ. ಕಾರು ಘಟ್ಟ ಹತ್ತಲಿ, ಕಡಲಿಗೆ ಇಳಿಯಲಿ, ತೂಕ ತಪ್ಪುವುದಿಲ್ಲ. ಎಂಜಿನ್ ನಿಂತ ಮೇಲೆ ತಂತಿಯನ್ನು ಒಂದು ಕ್ಷಣ ಕೆಂಪಗೆ ಕಾಯಿಸಿ ಅಂಟಿದ ಕೊಳೆಯನ್ನು ಸುಟ್ಟುಹಾಕುವ ಏರ್ಪಾಡನ್ನೂ ಮಾಡಿದ್ದರು. ಮಾಸ್ ಏರ್‌ಫ್ಲೋ ಸೆನ್ಸರ್ ಎಂದು ಈಗ ಕರೆಯುವುದು ಈ ಕುಲದ ಉಪಕರಣವನ್ನೇ.

ಇಲ್ಲಿಯೇ ಆಯ್ಕೆಯ ಪ್ರಶ್ನೆ ಏಳುತ್ತದೆ. ತಂತಿ ಕೊಳವೆಯಲ್ಲಿ ಹೋಗುವ ಗಾಳಿಯನ್ನೆಲ್ಲ ಮುಟ್ಟುವುದಿಲ್ಲ. ಅದರ ಒಂದು ಸಣ್ಣ ಪಾಲನ್ನು ಮುಟ್ಟಿ ಉಳಿದದ್ದನ್ನು ಊಹಿಸುತ್ತದೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ. ಆದ್ದರಿಂದ ಸೆನ್ಸರು, ಅದರ ಕೊಳವೆ, ಕಂಪ್ಯೂಟರಿನಲ್ಲಿರುವ ಲೆಕ್ಕದ ಪಟ್ಟಿ ಈ ಮೂರೂ ಒಂದೇ ಸಂಸಾರ. ಒಂದನ್ನು ಮಾತ್ರ ಬದಲಾಯಿಸಿದರೆ ಮನೆ ಒಡೆಯುತ್ತದೆ.

ಅಮೆರಿಕದ ಫೋರ್ಡ್ ಮಸ್ಟಾಂಗ್ ಕಾರಿನ ಕಥೆ ಇದಕ್ಕೆ ನಿದರ್ಶನ. ಅದರ ೫ ಲೀಟರ್ ಎಂಜಿನ್ನಿಗೆ ೧೯೮೮ರಲ್ಲಿ ಕ್ಯಾಲಿಫೋರ್ನಿಯದಲ್ಲಿಯೂ ೧೯೮೯ರಲ್ಲಿ ದೇಶದಾದ್ಯಂತವೂ ಈ ಸೆನ್ಸರ್ ಬಂದಿತು. ಕೊಳವೆಯ ವ್ಯಾಸ ೫೫ ಮಿಲಿಮೀಟರ್. ವೇಗದ ಹುಚ್ಚಿನವರು ಅದನ್ನು ತೆಗೆದು ಹೆಚ್ಚು ಅಗಲದ್ದನ್ನು ಹಾಕತೊಡಗಿದರು. ವ್ಯಾಸವನ್ನು ೭೭ಕ್ಕೆ ಏರಿಸಿದರೆ ಬಾಯಿಯ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ. ತಂತಿ ಕಡಮೆ ಗಾಳಿಯೆಂದು ವರದಿ ಮಾಡುತ್ತದೆ. ಕಂಪ್ಯೂಟರು ಪೆಟ್ರೋಲನ್ನು ಕಡಿತ ಮಾಡುತ್ತದೆ. ಇದನ್ನು ಸರಿದೂಗಿಸಲು ದೊಡ್ಡ ಇಂಜೆಕ್ಟರುಗಳನ್ನು ಹಾಕಿ, ಅವಕ್ಕೆ ತಕ್ಕಂತೆ ಸುಳ್ಳು ಹೇಳುವ ಸೆನ್ಸರುಗಳನ್ನು ಮಾರಿದರು. ಪೆಟ್ರೋಲಿನ ಲೆಕ್ಕ ಸರಿಹೋಯಿತು. ಆದರೆ ಕಿಡಿ ಯಾವಾಗ ಹಾರಬೇಕೆಂಬುದನ್ನೂ ಕಂಪ್ಯೂಟರು ಅದೇ ವರದಿಯಿಂದ ನಿರ್ಧರಿಸುತ್ತದೆ. ಹೊರೆ ಹಗುರವೆಂದು ನಂಬಿ ಅದು ಕಿಡಿಯನ್ನು ಬೇಗ ಹಾರಿಸಿತು. ಪರಿಣಾಮ, ಎಂಜಿನ್ನಿನೊಳಗೆ ಸುತ್ತಿಗೆಯ ಪೆಟ್ಟಿನಂಥ ಬಡಿತ.

ಹಾಗಾದರೆ ತಕ್ಕ ಸೆನ್ಸರು ಯಾವುದು? ಎಂಜಿನ್ ಗರಿಷ್ಠವಾಗಿ ಸೇದುವ ಗಾಳಿಯನ್ನು ಸ್ವಲ್ಪ ಮಿಗುವಂತೆ ಅಳೆಯಬಲ್ಲದ್ದು. ಅದಕ್ಕಿಂತ ಕಿರಿದಾದರೆ ಸಂಕೇತ ತುತ್ತತುದಿ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಮುಂದೆ ಬರುವ ಗಾಳಿ ಲೆಕ್ಕಕ್ಕೆ ಸಿಕ್ಕುವುದಿಲ್ಲ. ತೀರ ಹಿರಿದಾದರೆ, ಎಂಜಿನ್ ನಿಂತಲ್ಲೇ ಮೆಲ್ಲಗೆ ಓಡುವಾಗಿನ ಅಲ್ಪ ಗಾಳಿಯನ್ನು ಗುರುತಿಸಲಾರದು. ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಲು ಹೊರಟಂತೆ. ಗಾಳಿ ನೇರವಾಗಿ, ಸಮವಾಗಿ ಬರಬೇಕು. ಆದ್ದರಿಂದ ಮೊಣಕೈಯಂಥ ತಿರುವಿನ ಹತ್ತಿರ ಅದನ್ನು ಕೂರಿಸಬಾರದು. ಹಲವು ಸೆನ್ಸರುಗಳ ಮುಂದೆ ಜೇನುಗೂಡಿನಂಥ ಜಾಲರಿ ಇರುವುದು ಗಾಳಿಯನ್ನು ಹಸನುಗೊಳಿಸುವುದಕ್ಕಾಗಿಯೇ. ಎಣ್ಣೆ ಸವರಿದ ಏರ್ ಫಿಲ್ಟರಿನಲ್ಲಿ ಎಣ್ಣೆ ಹೆಚ್ಚಾದರೆ ಅದು ಹಾರಿ ತಂತಿಗೆ ಅಂಟಿ ತೂಕ ಕೆಡುತ್ತದೆ. ಎಲ್ಲ ಕಾರುಗಳಲ್ಲೂ ಈ ತಂತಿ ಇದೆಯೆಂದಲ್ಲ. ಒತ್ತಡದಿಂದಲೇ ಲೆಕ್ಕಹಾಕುವ ಹಳೆಯ ಕ್ರಮ ಸುಧಾರಿಸಿಕೊಂಡು ಇಂದಿಗೂ ಅನೇಕ ಪೆಟ್ರೋಲ್ ಕಾರುಗಳಲ್ಲಿ ಬಾಳುತ್ತಿದೆ.

ಕಾರು ಉಸಿರಾಡುವ ಗಾಳಿಯನ್ನು ಸರಿಯಾಗಿ ತೂಗುವುದರ ಲಾಭ ಕಾರಿನ ಒಡೆಯನಿಗೆ ಮಾತ್ರ ಸಲ್ಲುವುದಲ್ಲ. ಲೆಕ್ಕ ತಪ್ಪಿದ ಪೆಟ್ರೋಲು ಹೊಗೆಯಾಗಿ ಹೊರಬರುವುದು ದಾರಿಹೋಕರ ಮುಖಕ್ಕೆ. ತಕ್ಕಡಿ ವ್ಯಾಪಾರಿಯ ಅಂಗಡಿಯಲ್ಲಿದ್ದರೂ ಅದರ ನ್ಯಾಯ ಊರಿಗೆಲ್ಲ ಸೇರಿದ್ದು.